ಗಿಸಾಲೊ ಘಟ್ಟದ ಹರಕೆ

ಉತ್ತರ ಇಟಲಿಯ ಕೋಮೊ ಸರೋವರದ ದಡದಲ್ಲಿರುವ ಬೆಲ್ಲಾಜಿಯೊದಿಂದ ಹೊರಟ ರಸ್ತೆ 754 ಮೀಟರ್ ಎತ್ತರದ ಗಿಸಾಲೊ ಘಟ್ಟವನ್ನೇರಿ ಪುಟ್ಟ ಪ್ರಾರ್ಥನಾಲಯವೊಂದರ ಮುಂದೆ ಹಾಯುತ್ತದೆ. ಇಲ್ಲಿನ ಮೇರಿಮಾತೆಯನ್ನು 1949ರಲ್ಲಿ ಪೋಪ್ 12ನೇ ಪಯಸ್ ಸೈಕಲ್ ಸವಾರರ ರಕ್ಷಕಿಯೆಂದು ಘೋಷಿಸಿದರು. ಒಳಗೋಡೆಗಳ ತುಂಬ ಹರಕೆಯಾಗಿ ಒಪ್ಪಿಸಿದ ಸೈಕಲ್ಲುಗಳು, ಗೆದ್ದವರ ಜೆರ್ಸಿಗಳು.

ಒಂದೇ ಪಂದ್ಯದ ಇಬ್ಬರು ಎದುರಾಳಿಗಳು ಒಬ್ಬಳೇ ತಾಯಿಗೆ ಮೊರೆಯಿಟ್ಟರೆ ಆಕೆ ಯಾರ ಕೈ ಹಿಡಿಯಬೇಕು? ದೈವಭಕ್ತ ಸೈಕಲ್ ಪಟು ಜಿನೊ ಬಾರ್ತಾಲಿ, ಅವರ ಬದ್ಧ ಪ್ರತಿಸ್ಪರ್ಧಿ ಫೌಸ್ತೊ ಕೊಪ್ಪಿ, ಇಬ್ಬರ ಸೈಕಲ್ಲುಗಳೂ ಇಲ್ಲಿವೆ. ಗೆಲುವಿನ ಬೇಡಿಕೆಗೆ ಇಲ್ಲಿ ಅರ್ಥವಿಲ್ಲ. ರಕ್ಷಕಿಯೆಂದರೆ ಕಾಯುವವಳು ಎನ್ನಬಹುದು. ಆ ಸಮಾಧಾನವೂ ನಿಲ್ಲುವುದಿಲ್ಲ. ಕೋಮೊ ಸೀಮೆಯವರೇ ಆದ ಫಾಬಿಯೊ ಕಸಾರ್ತೆಲ್ಲಿ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಸೈಕ್ಲಿಂಗ್‌ನಲ್ಲಿ ಚಿನ್ನ ಗೆದ್ದವರು. 1995ರ ಟೂರ್ ಡಿ ಫ್ರಾನ್ಸ್‌ನಲ್ಲಿ, ಪಿರನೀಸ್‌ನ ಪೋರ್ತೆ ದಾಸ್ಪೆ ಘಟ್ಟ ಇಳಿಯುವಾಗ ಬಿದ್ದು ತೀರಿಕೊಂಡರು. ಅವರ ಜಖಂಗೊಂಡ ಸೈಕಲ್ಲನ್ನು ಇದೇ ಆಲಯದಲ್ಲಿ ತೂಗುಹಾಕಿದ್ದಾರೆ.

ಕೊಟ್ಟದ್ದಕ್ಕೆ ಪ್ರತಿಯಾಗಿ ಪಡೆಯುವುದೇ ಹರಕೆ ಎಂಬ ಲೆಕ್ಕಕ್ಕೆ ಆ ಸೈಕಲ್ಲು ಸಿಗುವುದಿಲ್ಲ. ಈಡೇರದ ಬಯಕೆಯನ್ನೂ ದೇವರೆದುರು ತಂದಿಡಬಹುದೆಂಬ ನಂಬಿಕೆಯೇ ಇಲ್ಲಿ ಹೆಚ್ಚು ಗಟ್ಟಿಯಾದದ್ದು. ಪಕ್ಕದಲ್ಲಿ 2006ರಿಂದ ಸೈಕ್ಲಿಂಗ್ ಮ್ಯೂಸಿಯಂ ಇದ್ದರೂ ಕಸಾರ್ತೆಲ್ಲಿಯ ಸೈಕಲ್ಲು ಇರುವುದು ಪ್ರಾರ್ಥನಾಲಯದಲ್ಲೇ.