ತಂತಿಯ ಉದ್ದ ಮತ್ತು ದೇಹದ ಅಳತೆ

ಮನುಷ್ಯನು ತಾನು ಮಾಡಿಕೊಂಡ ಉಪಕರಣಕ್ಕೆ ತನ್ನ ದೇಹವನ್ನು ಒಗ್ಗಿಸಿಕೊಳ್ಳಬೇಕೋ, ಉಪಕರಣವನ್ನೇ ದೇಹಕ್ಕೆ ಹೊಂದಿಸಿಕೊಳ್ಳಬೇಕೋ ಎಂಬುದು ಮೇಲ್ನೋಟಕ್ಕೆ ತಂತ್ರಜ್ಞಾನದ ಪ್ರಶ್ನೆಯಂತೆ ಕಂಡರೂ ಮೂಲದಲ್ಲಿ ನೀತಿಶಾಸ್ತ್ರದ ಪ್ರಶ್ನೆಯಾಗಿದೆ. ಏಕೆಂದರೆ ಯಾವುದನ್ನು ಅಳತೆಗೋಲಾಗಿ ಒಪ್ಪಬೇಕು, ಕಷ್ಟಕ್ಕೆ ತನ್ನಷ್ಟಕ್ಕೇ ಬೆಲೆಯಿದೆಯೇ, ಸುಖವು ಸಾಧನೆಗೆ ಶತ್ರುವೇ ಎಂಬ ಹಳೆಯ ವಿಚಾರಗಳು ಅದರೊಳಗೆ ಅಡಗಿವೆ. ಪಾಶ್ಚಾತ್ಯ ಜನಪ್ರಿಯ ಸಂಗೀತದ ವಾದಕರಲ್ಲಿ ಇತ್ತೀಚಿನ ವರ್ಷಗಳಲ್ಲಿ ಬೆಳೆಯುತ್ತಿರುವ ಒಂದು ಒಲವು ಈ ಪ್ರಶ್ನೆಯನ್ನು ಮತ್ತೆ ಮುಂದಿಟ್ಟಿದೆ. ಕ್ಲಬ್ಬು, ಮದುವೆ, ಚರ್ಚು, ಉತ್ಸವಗಳೆಂದು ಸಂಭಾವನೆಗಾಗಿ ಊರೂರು ತಿರುಗಿ ನುಡಿಸುವ, ಅಂಥ ಒಂದೊಂದು ಕಾರ್ಯಕ್ರಮವನ್ನು ‘ಗಿಗ್’ ಎಂದು ಕರೆಯುವ ಬೇಸ್ ಗಿಟಾರ್ ವಾದಕರಲ್ಲಿ ಹಲವರು, ದಶಕಗಳಿಂದ ಪ್ರಮಾಣವೆನಿಸಿದ್ದ ಉದ್ದನೆಯ ವಾದ್ಯವನ್ನು ಬದಿಗಿಟ್ಟು ‘ಶಾರ್ಟ್ ಸ್ಕೇಲ್’ ಎಂಬ ಗಿಡ್ಡ ವಾದ್ಯವನ್ನು ಕೈಗೆತ್ತಿಕೊಳ್ಳುತ್ತಿದ್ದಾರೆ. ಇದನ್ನು ಕೇವಲ ಅನುಕೂಲದ ಆಯ್ಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಇದರ ಹಿಂದಿರುವ ತತ್ತ್ವವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬೇಸ್ ಗಿಟಾರ್ ಎಂದರೆ ಸಾಮಾನ್ಯವಾಗಿ ನಾಲ್ಕು ತಂತಿಗಳಿರುವ, ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ತಗ್ಗಿನಲ್ಲಿ ಶ್ರುತಿ ಮಾಡಿದ, ಹಾಡಿಗೆ ತಳಹದಿಯ ನಾದವನ್ನು ಒದಗಿಸುವ ವಾದ್ಯ. ಬಿರಡೆಗಳ ಬಳಿಯ ಮೇರುವಿನಿಂದ ಕುದುರೆಯವರೆಗೆ ಬಿಡಿತಂತಿಯು ಕಂಪಿಸುವ ಉದ್ದಕ್ಕೆ ‘ಸ್ಕೇಲ್’ ಎಂದು ಹೆಸರು. ಈ ಉದ್ದವು 34 ಅಂಗುಲ, ಅಂದರೆ ಸುಮಾರು 86 ಸೆಂಟಿಮೀಟರ್ ಇದ್ದರೆ ಅದು ಉದ್ದ ಸ್ಕೇಲಿನ ವಾದ್ಯವೆಂದೂ, 30 ಅಂಗುಲ ಅಥವಾ ಅದರ ಆಸುಪಾಸಿನಲ್ಲಿದ್ದರೆ ಗಿಡ್ಡ ಸ್ಕೇಲಿನ ವಾದ್ಯವೆಂದೂ ವಾಡಿಕೆಯಲ್ಲಿ ಗುರುತಿಸಲಾಗುತ್ತದೆ.

ಈ ಎರಡರಲ್ಲಿ 34 ಅಂಗುಲವೇ ಸಹಜವೆಂದೂ 30 ಅಂಗುಲವು ಅದರಿಂದ ಕತ್ತರಿಸಿ ಕಿರಿದುಗೊಳಿಸಿದ ರೂಪವೆಂದೂ ಭಾವಿಸುವುದು ರೂಢಿ. ಚರಿತ್ರೆಯಾದರೋ ಬೇರೆಯೇ ಕಥೆಯನ್ನು ಹೇಳುತ್ತದೆ. ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ 1930ರ ದಶಕದ ನಡುಭಾಗದಲ್ಲಿ ಆಡಿಯೊವಾಕ್ಸ್ ಎಂಬ ಹೆಸರಿನಲ್ಲಿ ತಯಾರಿಸಿದ, ಮೆಟ್ಟಿಲುಗಳುಳ್ಳ, ಅಂದರೆ ಫ್ರೆಟ್‌ಗಳುಳ್ಳ, ವಿದ್ಯುತ್ ಬೇಸ್‌ನ ತಂತಿಯ ಉದ್ದ ಸುಮಾರು 30 ಅಂಗುಲವೇ ಆಗಿತ್ತು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ‘ಪ್ರಿಸಿಷನ್ ಬೇಸ್’ ಅನ್ನು ಮಾರುಕಟ್ಟೆಗೆ ತಂದಾಗ, ಆಳೆತ್ತರದ ಡಬಲ್ ಬೇಸ್‌ನ ಸುಮಾರು 41–42 ಅಂಗುಲದ ತಂತಿಯನ್ನು ಬಿಟ್ಟು 34 ಅಂಗುಲವನ್ನು ಆರಿಸಿಕೊಂಡಿದ್ದು, ಆ ಬೃಹತ್ ವಾದ್ಯವನ್ನು ಹೊತ್ತು ತಿರುಗುವ ವಾದಕನ ಕಷ್ಟವನ್ನು ತಗ್ಗಿಸುವುದಕ್ಕೂ ಹೌದು. ಗಿಬ್ಸನ್ ಸಂಸ್ಥೆಯು 1953ರಲ್ಲಿ ಹೊರತಂದ ಬೇಸ್‌ನ ಅಳತೆ ಮೂವತ್ತೂವರೆ ಅಂಗುಲವಿತ್ತು. ಜರ್ಮನಿಯ ಹಾಫ್ನರ್ ಸಂಸ್ಥೆ ಆ ದಶಕದ ಮಧ್ಯದಲ್ಲೇ ಪಿಟೀಲಿನ ಆಕಾರದ, ಒಳಗೆ ಟೊಳ್ಳಾದ, ತೀರ ಹಗುರವಾದ ಗಿಡ್ಡ ಬೇಸ್ ಅನ್ನು ರೂಪಿಸಿತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡದ್ದು ಇದನ್ನೇ. ಕ್ರೀಮ್ ತಂಡದ ಜ್ಯಾಕ್ ಬ್ರೂಸ್ ನುಡಿಸಿದ್ದು ಗಿಬ್ಸನ್ನಿನ ಗಿಡ್ಡ ಬೇಸ್. ಸ್ಟ್ಯಾನ್ಲಿ ಕ್ಲಾರ್ಕ್ 1970ರ ದಶಕದಲ್ಲಿ ಜಾಝ್ ಸಂಗೀತದ ಮುಂಚೂಣಿಗೆ ಬೇಸ್ ಅನ್ನು ತಂದದ್ದು ಅಲೆಂಬಿಕ್ ಸಂಸ್ಥೆಯ ಗಿಡ್ಡ ವಾದ್ಯದ ಮೂಲಕ. ಹೀಗಿದ್ದರೂ ಫೆಂಡರ್ ವಾದ್ಯಗಳ ವ್ಯಾಪಕ ಯಶಸ್ಸಿನಿಂದಾಗಿ 34 ಅಂಗುಲವು ಕ್ರಮೇಣ ನಿಯಮವಾಯಿತು. ಅದೇ ಸಂಸ್ಥೆ 1966ರಲ್ಲಿ ತಂದ 30 ಅಂಗುಲದ ‘ಮಸ್ಟಾಂಗ್ ಬೇಸ್’, ಕಲಿಯುವವರಿಗೆಂದು ಮಾಡಿದ ಗಿಟಾರಿನ ಜೊತೆಗಾರನಾಗಿ ಬಂದದ್ದರಿಂದ, ಗಿಡ್ಡ ವಾದ್ಯವೆಂದರೆ ವಿದ್ಯಾರ್ಥಿಯ ವಾದ್ಯವೆಂಬ ಭಾವನೆ ಬೇರೂರಿತು. ಒಬ್ಬ ತಯಾರಕನು ಒಂದು ಕಾಲದಲ್ಲಿ ಯೋಚಿಸಿ ಕೈಗೊಂಡ ನಿರ್ಧಾರವು ಕಾಲಾಂತರದಲ್ಲಿ ಪ್ರಕೃತಿಯ ನಿಯಮದ ಗೌರವವನ್ನು ಪಡೆಯುವ ಬಗೆ ಇದು.

ಉದ್ದದ ಈ ವ್ಯತ್ಯಾಸವು ವಾದಕನ ದೇಹದ ಮೇಲೆ ಮಾಡುವ ಪರಿಣಾಮವನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಅದೇ ದಪ್ಪದ ತಂತಿಯಿಂದ ಅದೇ ಸ್ವರ ಹೊರಡಬೇಕಾದರೆ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿರಬೇಕಾದ್ದರಿಂದ, 30 ಅಂಗುಲದ ವಾದ್ಯದಲ್ಲಿ ಬಿಗಿತವು 34 ಅಂಗುಲದ ವಾದ್ಯದ ಬಿಗಿತದ ಶೇಕಡಾ 78ಕ್ಕೆ ಇಳಿಯುತ್ತದೆ, ಅಂದರೆ ಬೆರಳು ಒತ್ತಬೇಕಾದ ತಂತಿ ಅಷ್ಟರಮಟ್ಟಿಗೆ ಮೆದುವಾಗುತ್ತದೆ. ಒಂದನೆಯ ಮೆಟ್ಟಿಲಿನಿಂದ ನಾಲ್ಕನೆಯ ಮೆಟ್ಟಿಲಿಗೆ ಎಡಗೈ ಚಾಚಬೇಕಾದ ದೂರ ಉದ್ದ ವಾದ್ಯದಲ್ಲಿ ಸುಮಾರು 13 ಸೆಂಟಿಮೀಟರ್ ಇದ್ದರೆ ಗಿಡ್ಡ ವಾದ್ಯದಲ್ಲಿ ಸುಮಾರು 11.4 ಸೆಂಟಿಮೀಟರ್ ಇರುತ್ತದೆ. ಒಂದು ಹಾಡಿನ ಮಟ್ಟಿಗೆ ಈ ಅಂತರ ಅಲ್ಪವೆನಿಸಬಹುದು. ಆದರೆ ಭುಜದ ಮೇಲೆ ವಾದ್ಯದ ಭಾರವನ್ನು ಹೊತ್ತು ಮೂರು ನಾಲ್ಕು ತಾಸು ನಿಂತು ನುಡಿಸಿ, ಮರುದಿನ ಬೇರೊಂದು ಊರಿನಲ್ಲಿ ಅದನ್ನೇ ಮಾಡಬೇಕಾದವರಿಗೆ, ಅದರಲ್ಲೂ ವಯಸ್ಸಾಗುತ್ತಿರುವವರಿಗೆ, ಸಣ್ಣ ಕೈಯವರಿಗೆ, ಮಣಿಕಟ್ಟಿನ ಸ್ನಾಯುರಜ್ಜುಗಳು ನೋಯುತ್ತಿರುವವರಿಗೆ, ವೃತ್ತಿಯನ್ನು ಮುಂದುವರಿಸುವುದೋ ಬಿಡುವುದೋ ಎಂಬುದೇ ಈ ಅಂತರದ ಮೇಲೆ ನಿಂತಿರುವ ಸಂದರ್ಭಗಳುಂಟು.

ಇಲ್ಲಿ ಮೂರು ಪೂರ್ವಪಕ್ಷಗಳನ್ನು, ಅಂದರೆ ಎದುರಾಳಿಯ ಕಡೆಯಿಂದ ಬರಬಹುದಾದ ವಾದಗಳನ್ನು, ಗಂಭೀರವಾಗಿ ಪರಿಗಣಿಸಬೇಕು. ಮೊದಲನೆಯದು ಪ್ರಮಾಣದ ವಾದ: ಒಂದು ಕಲೆಗೆ ಎಲ್ಲರೂ ಒಪ್ಪಿದ ಅಳತೆಯಿದ್ದಾಗ ಅದಕ್ಕೆ ತಲುಪುವುದೇ ಕಲಾವಿದನ ಕರ್ತವ್ಯ, ತನಗೆ ಬೇಕಾದಂತೆ ಅಳತೆಯನ್ನು ಬದಲಿಸಿಕೊಳ್ಳುವುದು ಪ್ರಮಾಣವನ್ನೇ ಅಲ್ಲಗಳೆದಂತೆ ಎಂಬುದು ಇದರ ಸಾರ. ಇದಕ್ಕೆ ಅರಿಸ್ಟಾಟಲ್ ತನ್ನ ‘ನಿಕೊಮ್ಯಾಕಿಯನ್ ನೀತಿಶಾಸ್ತ್ರ’ದ ಎರಡನೆಯ ಭಾಗದಲ್ಲಿ ಮಾಡುವ ವಿಭಜನೆಯಲ್ಲಿ ಉತ್ತರವಿದೆ. ವಸ್ತುವಿನ ಮಧ್ಯಬಿಂದು ಮತ್ತು ನಮಗೆ ಸಂಬಂಧಪಟ್ಟ ಮಧ್ಯಬಿಂದು ಎಂದು ಅವನು ಎರಡು ಬಗೆಯ ಮಧ್ಯಮವನ್ನು ಗುರುತಿಸುತ್ತಾನೆ: ಹತ್ತು ತೂಕದ ಆಹಾರ ಹೆಚ್ಚು, ಎರಡು ತೂಕದ್ದು ಕಡಿಮೆ ಎಂದಾದರೆ ಗಣಿತದ ಪ್ರಕಾರ ಆರು ಮಧ್ಯಮವಾಗುತ್ತದೆ, ಆದರೆ ಗರಡಿಯ ಗುರು ಎಲ್ಲರಿಗೂ ಆರನ್ನೇ ಬಡಿಸಲಾರ, ಏಕೆಂದರೆ ಮಹಾಮಲ್ಲನಾದ ಮೈಲೋಗೆ ಅದು ಸಾಲದು, ಹೊಸದಾಗಿ ಸೇರಿದವನಿಗೆ ಅತಿಯಾಗುತ್ತದೆ. ಈ ವಿವೇಚನೆಯ ಬೆಳಕಿನಲ್ಲಿ ನೋಡಿದರೆ ಬೇಸ್ ಗಿಟಾರಿನಲ್ಲಿ ನಿಜವಾಗಿ ಸ್ಥಿರವಾಗಿರಬೇಕಾದದ್ದು ಸ್ವರ. ಅತ್ಯಂತ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸಲೇಬೇಕು, ಇಲ್ಲವಾದರೆ ತಂಡದ ಉಳಿದವರೊಡನೆ ಮೇಳವಾಗದು. ಕರ್ನಾಟಕ ಸಂಗೀತದಲ್ಲಿ ಶ್ರುತಿಯನ್ನೇ ಗಾಯಕನ ಕಂಠಕ್ಕೆ ತಕ್ಕಂತೆ ಇಟ್ಟುಕೊಂಡು ತಂಬೂರಿಯನ್ನೂ ಪಕ್ಕವಾದ್ಯಗಳನ್ನೂ ಅದಕ್ಕೆ ಹೊಂದಿಸುವ ಸ್ವಾತಂತ್ರ್ಯವಿದೆ, ದೇಹವೇ ಅಲ್ಲಿ ಆಧಾರ. ಪಾಶ್ಚಾತ್ಯ ಮೇಳದಲ್ಲಿ ಆ ಸ್ವಾತಂತ್ರ್ಯ ಕಡಿಮೆಯಾದ್ದರಿಂದ ದೇಹಕ್ಕೆ ಸಲ್ಲಬೇಕಾದ ರಿಯಾಯಿತಿಯು ತಂತಿಯ ಉದ್ದದಲ್ಲಿ ಸಲ್ಲುವುದು ನ್ಯಾಯವೇ ಆಗಿದೆ. ಸ್ವರವು ಸಾಧ್ಯ, ಅಂದರೆ ಗುರಿ; ಉದ್ದವು ಸಾಧನ. ಸಾಧನಕ್ಕೆ ಸಾಧ್ಯದ ಪಟ್ಟವನ್ನು ಕಟ್ಟುವುದು ಪ್ರಮಾಣನಿಷ್ಠೆಯೆನಿಸುವುದಿಲ್ಲ.

ಎರಡನೆಯದು ಅಭ್ಯಾಸದ ವಾದ. ಫ್ರೆಂಚ್ ತತ್ತ್ವಜ್ಞ ಮರ್ಲೊ ಪಾಂಟಿ 1945ರಲ್ಲಿ ಪ್ರಕಟವಾದ ‘ಗ್ರಹಿಕೆಯ ವಿದ್ಯಮಾನಶಾಸ್ತ್ರ’ದಲ್ಲಿ, ಅನುಭವಿಯಾದ ಆರ್ಗನ್ ವಾದಕನು ತನಗೆ ಪರಿಚಯವಿಲ್ಲದ, ಕೀಲಿಮಣೆಗಳ ಸಂಖ್ಯೆಯೂ ಜೋಡಣೆಯೂ ಬೇರೆಯಾದ ವಾದ್ಯದ ಮುಂದೆ ಒಂದು ತಾಸು ಅಭ್ಯಾಸ ಮಾಡಿದರೆ ಸಾಕು, ಅದರಲ್ಲಿ ಕಛೇರಿ ನಡೆಸಬಲ್ಲನೆಂದು ವಿವರಿಸುತ್ತಾನೆ. ದೇಹವು ವಾದ್ಯವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆಯೆಂಬ ಈ ಮಾತನ್ನು ಹಿಡಿದು, ಉದ್ದ ವಾದ್ಯಕ್ಕೂ ದೇಹ ಒಗ್ಗಿಕೊಳ್ಳುತ್ತದೆ, ಬದಲಿಸುವ ಅಗತ್ಯವೇನು ಎಂದು ಕೇಳಬಹುದು. ಆದರೆ ಒಗ್ಗಿಕೊಳ್ಳುವ ಶಕ್ತಿಗೆ ಮಿತಿಯುಂಟು. ಮೆಟ್ಟಿಲುಗಳ ಹೊಸ ಅಂತರಗಳನ್ನು ಬೆರಳು ಕಲಿಯಬಲ್ಲದು, ಅಂಗೈಯ ಎಲುಬು ಬೆಳೆಯಲಾರದು. ಮರ್ಲೊ ಪಾಂಟಿಯ ವಿಚಾರವನ್ನು ಪೂರ್ತಿಯಾಗಿ ತೆಗೆದುಕೊಂಡರೆ ತೀರ್ಮಾನವು ಗಿಡ್ಡ ವಾದ್ಯದ ಕಡೆಗೇ ವಾಲುತ್ತದೆ: ಉಪಕರಣವು ದೇಹದಲ್ಲಿ ಬೆರೆತುಹೋದಾಗ ಮಾತ್ರ ಗಮನವು ಅದನ್ನು ದಾಟಿ ಸಂಗೀತಕ್ಕೆ ಹೋಗುವುದಾದರೆ, ನೋವಿನ ಮೂಲಕ ಪ್ರತಿಕ್ಷಣವೂ ತನ್ನ ಇರವನ್ನು ನೆನಪಿಸುವ ವಾದ್ಯವು ದೇಹದಲ್ಲಿ ಬೆರೆಯುವುದೇ ಇಲ್ಲ. ಅದೇ ವಾದಕನಿಗೆ ಗಿಡ್ಡ ವಾದ್ಯವನ್ನು ಕೊಟ್ಟರೆ, ಹೊಸ ಅಂತರಗಳಿಗೆ ಅವನ ಕೈ ಬೇಗನೆ ಹೊಂದಿಕೊಳ್ಳುವುದೂ ಆ ಒಗ್ಗಿಕೊಳ್ಳುವ ಶಕ್ತಿಯಿಂದಲೇ.

ಮೂರನೆಯ ವಾದವು ಎಲ್ಲಕ್ಕಿಂತ ಆಳವಾದದ್ದು, ಧಾರ್ಮಿಕ ಮೂಲದ್ದು: ಸಾಧನೆಯೆಂದರೆ ತಪಸ್ಸು, ತಪಸ್ಸೆಂದರೆ ದೇಹದಂಡನೆ, ಸುಲಭದ ದಾರಿಯನ್ನು ಹುಡುಕುವವನು ಸಾಧಕನಲ್ಲ ಎಂಬುದು. ಪಾಳಿ ಗ್ರಂಥಗಳಾದ ವಿನಯ ಪಿಟಕದಲ್ಲೂ ಅಂಗುತ್ತರ ನಿಕಾಯದಲ್ಲೂ ಬರುವ ಸೋಣನ ವೃತ್ತಾಂತ ಈ ವಾದಕ್ಕೆ ನೇರವಾಗಿ ಸಂಬಂಧಿಸಿದೆ. ಸಿರಿವಂತರ ಮನೆಯಲ್ಲಿ ಸುಕುಮಾರವಾಗಿ ಬೆಳೆದ ಸೋಣನು ಭಿಕ್ಷುವಾದ ಮೇಲೆ, ನಡೆಯುತ್ತ ಮಾಡುವ ಧ್ಯಾನವನ್ನು ಅಂಗಾಲು ಒಡೆದು ರಕ್ತ ಸುರಿಯುವವರೆಗೆ ಆಚರಿಸಿದರೂ ಮುಕ್ತಿ ಸಿಗದೆ, ಮನೆಗೆ ಮರಳುವ ಯೋಚನೆಯಲ್ಲಿದ್ದನು. ಪೂರ್ವಾಶ್ರಮದಲ್ಲಿ ವೀಣೆ ನುಡಿಸುತ್ತಿದ್ದ ಅವನನ್ನು ಬುದ್ಧನು, ತಂತಿ ಅತಿಯಾಗಿ ಬಿಗಿದಾಗ, ಅತಿಯಾಗಿ ಸಡಿಲವಾದಾಗ ವೀಣೆ ನುಡಿಯುತ್ತಿತ್ತೇ ಎಂದು ಕೇಳಿ, ಪ್ರಯತ್ನವೂ ಹಾಗೆಯೇ ಸಮವಾಗಿರಬೇಕೆಂದು ತಿಳಿಸಿದನು. ಈ ಉಪಮೆ ಪ್ರಸಿದ್ಧವಾಗಿದೆ. ಆದರೆ ವಿನಯ ಪಿಟಕವು ಮುಂದೆ ಹೇಳುವ ಸಂಗತಿ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಬುದ್ಧನು ಸೋಣನಿಗೆ ಒಂದೇ ಪದರದ ಪಾದರಕ್ಷೆಯನ್ನು ತೊಡಲು ಅನುಮತಿ ನೀಡಿದಾಗ, ಎಲ್ಲ ಭಿಕ್ಷುಗಳಿಗೂ ಅನುಮತಿಯಿದ್ದರೆ ಮಾತ್ರ ತಾನು ತೊಡುವೆನೆಂದು ಅವನು ಅರಿಕೆ ಮಾಡಿಕೊಂಡನು. ಬುದ್ಧನು ಆಗ ಅದನ್ನು ಇಡೀ ಸಂಘಕ್ಕೆ ಅನ್ವಯಿಸುವ ನಿಯಮವನ್ನಾಗಿ ಮಾಡಿದನು. ಈ ಪ್ರಸಂಗದಿಂದ ಎರಡು ತತ್ತ್ವಗಳು ಹೊರಡುತ್ತವೆ. ರಕ್ತ ಸುರಿಯುವ ಪಾದವು ಶ್ರದ್ಧೆಗೆ ಸಾಕ್ಷಿಯಾಗಬಹುದು, ಸಿದ್ಧಿಗೆ ಸಾಕ್ಷಿಯಾಗಲಾರದು ಎಂಬುದು ಒಂದು. ದೇಹಕ್ಕೆ ಸಲ್ಲುವ ಅನುಕೂಲವನ್ನು ದುರ್ಬಲನೊಬ್ಬನಿಗೆ ತೋರಿದ ದಯೆಯಾಗಿ ಕೊಟ್ಟರೆ ಅದು ಅವನನ್ನು ಕುಗ್ಗಿಸುತ್ತದೆ, ಎಲ್ಲರಿಗೂ ತೆರೆದ ಆಯ್ಕೆಯಾಗಿ ಕೊಟ್ಟಾಗಲೇ ಅದು ಧರ್ಮವಾಗುತ್ತದೆ ಎಂಬುದು ಇನ್ನೊಂದು. ಗಿಡ್ಡ ಬೇಸ್ ಬಹುಕಾಲ ಸಹಿಸಿದ್ದು ದುರ್ಬಲರಿಗೆ ತೋರುವ ಆ ಬಗೆಯ ದಯೆಯನ್ನು. ಅದು ಮಕ್ಕಳಿಗೆ, ಕಲಿಯುವವರಿಗೆ, ಕೈ ಚಿಕ್ಕದಾದವರಿಗೆ ಎಂಬ ಮಾತಿನಲ್ಲಿ ಕೀಳರಿಮೆಯ ಮುದ್ರೆಯಿತ್ತು. ಇಂದು ನುರಿತ ವಾದಕರು ಯಾವ ಸಂಕೋಚವೂ ಇಲ್ಲದೆ ಅದನ್ನು ವೇದಿಕೆಗೆ ತರುತ್ತಿರುವುದರಿಂದ ಆ ಮುದ್ರೆ ಅಳಿಸಿಹೋಗುತ್ತಿದೆ. ಈ ಒಲವಿನ ನೈತಿಕ ಮಹತ್ತ್ವ ಇರುವುದು ಇಲ್ಲಿಯೇ.

ದೇಹವನ್ನು ಅಡ್ಡಿಯೆಂದು ಕಾಣದೆ ಆರಾಧನೆಯ ಸಾಧನವೆಂದು ಕಾಣುವ ದೃಷ್ಟಿ ಕನ್ನಡದ ಚಿಂತನೆಗೆ ಹೊಸತಲ್ಲ. ಬಸವಣ್ಣನವರು ತಮ್ಮ ಒಂದು ವಚನದಲ್ಲಿ ದೇಹದ ಅಂಗಾಂಗಗಳನ್ನೇ ತಂತಿವಾದ್ಯದ ಭಾಗಗಳನ್ನಾಗಿ ಮಾಡಿ ನುಡಿಸಿಕೊಳ್ಳಬೇಕೆಂದು ದೇವರಲ್ಲಿ ಬೇಡಿಕೊಳ್ಳುತ್ತಾರೆ. ಆ ದೃಷ್ಟಿಯನ್ನು ಒಪ್ಪಿದವರಿಗೆ ಮರದ ವಾದ್ಯವು ಎರಡನೆಯದು, ನುಡಿಸುವ ದೇಹವೇ ಮೊದಲನೆಯದು; ಎರಡನೆಯದನ್ನು ಉಳಿಸಲು ಮೊದಲನೆಯದನ್ನು ಕೆಡಿಸುವುದು ವಿವೇಕವಾಗಲಾರದು.

ಇಷ್ಟು ಹೇಳಿದ ಮೇಲೂ ಸುಖವೇ ಅಂತಿಮ ಪ್ರಮಾಣವೆಂಬ ತೀರ್ಮಾನಕ್ಕೆ ಬರಬಾರದು. ಗಿಡ್ಡ ವಾದ್ಯಕ್ಕೆ ತನ್ನದೇ ಮಿತಿಗಳಿವೆ: ಮೆದುವಾದ ತಂತಿಯಿಂದ ಹೊರಡುವ ನಾದದಲ್ಲಿ ಮೂಲಸ್ವರದ ತುಂಬುತನ ಹೆಚ್ಚಿದ್ದರೂ ಮೇಲಿನ ಅನುಸ್ವರಗಳ ಮೊನಚು ಕಡಿಮೆಯಿರುತ್ತದೆ, ಐದನೆಯ ತಂತಿಯಾಗಿ ಇನ್ನೂ ತಗ್ಗಿನ ಸ್ವರವನ್ನು ಸೇರಿಸಿದರೆ ಅದು ಸಡಿಲವಾಗಿ ಅಸ್ಪಷ್ಟವಾಗುವ ಸಂಭವ ಹೆಚ್ಚು, ಬಿರುಸಾಗಿ ಮೀಟುವವನ ಕೈಯಲ್ಲಿ ಸ್ವರ ತುಸು ಜಾರಬಹುದು. ಆ ಮೊನಚು, ಆ ತಗ್ಗು ಬೇಕಾದ ಸಂಗೀತಕ್ಕೆ ಉದ್ದ ವಾದ್ಯವೇ ಯೋಗ್ಯ, ಮತ್ತು ಅದನ್ನು ನೋವಿಲ್ಲದೆ ನುಡಿಸಬಲ್ಲವನು ಬಿಡಬೇಕಾದ ಕಾರಣವೂ ಇಲ್ಲ. ಅಭ್ಯಾಸದ ಶ್ರಮವನ್ನು ಯಾವ ಅಳತೆಯ ವಾದ್ಯವೂ ಕಡಿಮೆ ಮಾಡುವುದಿಲ್ಲ. ಲಯ ತಪ್ಪುವವನು 30 ಅಂಗುಲದಲ್ಲೂ ತಪ್ಪುತ್ತಾನೆ. ಹೀಗಾಗಿ ವಾದಕನು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು: ಈ ಸಂಗೀತಕ್ಕೆ ಬೇಕಾದ ನಾದ ಈ ವಾದ್ಯದಿಂದ ಬರುತ್ತದೆಯೇ, ಮತ್ತು ಈ ವಾದ್ಯವನ್ನು ತನ್ನ ದೇಹ ಇನ್ನೂ ಬಹುಕಾಲ ನುಡಿಸಬಲ್ಲದೇ. ಎರಡಕ್ಕೂ ಹೌದೆಂಬ ಉತ್ತರ ದೊರೆತಲ್ಲಿ ಮೂರನೆಯ ಪ್ರಶ್ನೆಯನ್ನು, ಅಂದರೆ ನೋಡುವವರು ಏನೆಂದಾರು ಎಂಬುದನ್ನು, ಕೇಳಬೇಕಾಗಿಲ್ಲ.

ತಂಡದ ಹಾಡನ್ನು ಹಿಂದೆ ನಿಂತು ಹೊರುವುದು ಬೇಸ್ ವಾದಕನ ಕಾಯಕ. ಆ ಕಾಯಕವು ವರ್ಷಗಳ ಕಾಲ ಆರೋಗ್ಯದಿಂದ ನಡೆಯುವಂತೆ ವಾದ್ಯವನ್ನು ಆರಿಸಿಕೊಳ್ಳುವುದು ಅವನ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. ಕಲಿಸುವ ಗುರುಗಳು ಶಿಷ್ಯನ ಕೈಗೆ ವಾದ್ಯವನ್ನು ಕೊಡುವ ಮೊದಲು ಆ ಕೈಯನ್ನು ನೋಡಲಿ, ತಯಾರಕರು ಗಿಡ್ಡ ವಾದ್ಯಕ್ಕೂ ಉದ್ದ ವಾದ್ಯದಷ್ಟೇ ಒಳ್ಳೆಯ ಮರವನ್ನೂ ಕುಶಲತೆಯನ್ನೂ ಸಲ್ಲಿಸಲಿ, ಕೇಳುಗರು ತಂತಿಯ ಉದ್ದವನ್ನು ಬಿಟ್ಟು ನಾದದ ಗುಣದಿಂದಲೇ ವಾದಕನನ್ನು ಅಳೆಯಲಿ.