ಮರಿಗೆಯ ತಳ

ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಹೊನ್ನನ್ನು ಹೆಕ್ಕುತ್ತಿದ್ದ ಜಲಗಾರರ ವಿದ್ಯೆಯನ್ನು ಅವರ ಪೈಕಿಯ ವೃದ್ಧರೊಬ್ಬರಿಂದ ಕಲಿಯಲು ಕುಳಿತ ನಾನು, ಮೊದಲ ಮರಿಗೆಯನ್ನು ಆತುರದಿಂದ ಕುಲುಕಿ, ಕಲ್ಲುಮಣ್ಣಿನೊಡನೆ ಇದ್ದಿರಬಹುದಾದ ಕಣವನ್ನೂ ನೀರುಪಾಲು ಮಾಡಿದೆನು. ಎರಡನೆಯದರಲ್ಲಿ ಭಯದಿಂದ ಏನನ್ನೂ ಬಿಡದಾದೆನು. “ತಮ್ಮಾ, ನೀ ಬಂಗಾರ ಹುಡುಕಬ್ಯಾಡ, ನೀರಿಗೆ ಅದರ ಕೆಲಸ ಮಾಡಾಕ ಬಿಡು” ಎಂದರು ಅಜ್ಜ. ನೀರಿಗಿಂತ ಸುಮಾರು 19 ಪಟ್ಟು ಭಾರವಾದ ಹೊನ್ನು, 3 ಪಟ್ಟನ್ನೂ ಮುಟ್ಟದ ಬೆಣಚುಮರಳಿನ ನಡುವೆ ತಾನಾಗಿಯೇ ತಳವನ್ನರಸಿ ಇಳಿಯುವುದಾದರೆ, ವೇದಾಂತಿಗಳು ವಿವೇಕವೆನ್ನುವ ನಿತ್ಯಾನಿತ್ಯಗಳ ವಿಂಗಡಣೆಯು ಪುರುಷಪ್ರಯತ್ನವೋ, ಇಲ್ಲವೆ ಆ ಪ್ರಯತ್ನವನ್ನೇ ಹದವರಿತು ಸಡಿಲಿಸುವುದೋ ಎಂಬ ಸಂಶಯವು ನನ್ನನ್ನು ಹಿಡಿಯಿತು. ಹೂತ ಹೊನ್ನಿನ ನಿಧಿಯ ಮೇಲೆಯೇ ನಡೆದಾಡಿಯೂ ಅದನ್ನರಿಯದವರ ದೃಷ್ಟಾಂತವು ಛಾಂದೋಗ್ಯೋಪನಿಷತ್ತಿನಲ್ಲುಂಟು. ಆದರೆ, ಉದ್ಧಟತನವೆನಿಸಿದರೆ ಕ್ಷಮೆಯಿರಲಿ, ನಿಧಿಯು ಅಗೆದವನಿಗೆ ಒಮ್ಮೆಗೇ ದೊರೆಯುತ್ತದೆ, ಹಳ್ಳದ ಹೊನ್ನು ಹಾಗಲ್ಲ. ಕೊನೆಗುಳಿದ ಕರಿಮರಳಿನ ಗೆರೆಯಂಚಿನಲ್ಲಿ, ಸಾಸಿವೆಗಿಂತಲೂ ಕಿರಿದಾಗಿ, ಏನೋ ಮಿನುಗಿತು. ನೆರಳಿನಲ್ಲಿಯೂ ಹೊಳೆದರೆ ಹೊನ್ನು, ಇಲ್ಲವಾದರೆ ಕಾಗೆಬಂಗಾರ. ಅಜ್ಜ ತಮ್ಮ ಅಂಗೈಯನ್ನು ಮರಿಗೆಯ ಮೇಲೆ ಮರೆಮಾಡಿದರು, ಹೊಳಪು ಆರಿತು. ನಾನು ಮತ್ತೆ ಮರಳು ತುಂಬಿದೆನು.