ಎಳೆದವರ ಕೂಲಿ


*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ನಮ್ಮ ಬಳಗದ ಹೆಣ್ಣುಮಗಳೊಬ್ಬಳು ಜನವರಿಯಲ್ಲಿ ಒಬ್ಬಳೇ ಕಾಶ್ಮೀರಕ್ಕೆ ಹೋಗಿ ಬಂದಳು. ಗುಲ್ಮಾರ್ಗ್‌ನಲ್ಲಿ ನಾಲ್ಕು ದಿನ ಸ್ಕೀಯಿಂಗ್ ಕಲಿತಳು. ಶ್ರೀನಗರದ ಬೀದಿಗಳನ್ನು ಸುತ್ತಿದಳು. ಒಂದು ದಿನ ಹಾರ್ವನ್‌ಗೆ ಹೋಗಿ ಅಲ್ಲಿನ ಪ್ರಾಚೀನ ಬೌದ್ಧ ನೆಲೆಯ ಅವಶೇಷ ನೋಡಿದಳು.

"ಇಷ್ಟು ದುಡ್ಡು ಸುರಿದು ತಿರುಗುವುದು ದುಂದಲ್ಲವಾ?" ಎಂದು ಹಿರಿಯರು ಕೇಳಿದರು. ಅವಳು ಹೊರಡುವ ಮುಂಚೆ ನಾನೂ ಇದನ್ನೇ ಕೇಳಿದ್ದೆ. ಉತ್ತರ ಸಿಗಾಲೋವಾದ ಸುತ್ತದಲ್ಲಿದೆ. ಗೃಹಸ್ಥ ತನ್ನ ಗಳಿಕೆಯನ್ನು ನಾಲ್ಕು ಪಾಲು ಮಾಡಿ ಒಂದನ್ನು ತಾನು ಅನುಭವಿಸಬೇಕು, ಎರಡನ್ನು ಕಸುಬಿಗೆ ಹಾಕಬೇಕು, ಒಂದನ್ನು ಕಷ್ಟಕಾಲಕ್ಕೆ ಇಡಬೇಕು. ಸುಖಕ್ಕೂ ತಥಾಗತರು ಪಾಲು ಇಟ್ಟಿದ್ದಾರೆ. ಆ ಪಾಲು ಮೀರದಿದ್ದರೆ ದುಂದಲ್ಲ.

ಆದರೆ ಅವಳನ್ನು ಚುಚ್ಚುತ್ತಿದ್ದುದು ಬೇರೆ. ಗುಲ್ಮಾರ್ಗ್‌ನಲ್ಲಿ ಪ್ರವಾಸಿಗರನ್ನು ಮರದ ಸ್ಲೆಡ್ಜ್ ಮೇಲೆ ಕೂರಿಸಿ, ಹಿಮದಲ್ಲಿ ಹಗ್ಗ ಹಿಡಿದು ಎಳೆಯುವವರಿದ್ದಾರೆ. "ಮೇಷ್ಟ್ರೇ, ಸ್ಕೀ ಕಲಿಸಿದವರಿಗೆ ಕೇಳಿದಷ್ಟು ಕೊಟ್ಟೆ. ಎಳೆದವರ ಹತ್ತಿರ ಮಾತ್ರ ಚೌಕಾಸಿ ಮಾಡಿ ನೂರು ರೂಪಾಯಿ ಇಳಿಸಿದೆ. ಅವರಿಗೆ ನಮ್ಮಪ್ಪನಷ್ಟು ವಯಸ್ಸು" ಎಂದಳು.

ನನಗೆ 1929ರ ಚಾಳೀಸಗಾಂವ್ ನೆನಪಾಯಿತು. ಬಾಬಾಸಾಹೇಬರು ಸರ್ಕಾರಿ ಸಮಿತಿಯ ಸದಸ್ಯರಾಗಿ ಪ್ರವಾಸ ಮುಗಿಸಿ ಬರುತ್ತಾ ಅಲ್ಲಿ ಇಳಿದಿದ್ದರು. ಅವರು ಬ್ಯಾರಿಸ್ಟರ್. ಆದರೂ ಮಹಾರನನ್ನು ಕೂರಿಸಿಕೊಂಡು ಗಾಡಿ ಹೊಡೆಯುವುದು ಟಾಂಗಾದವನಿಗೆ ಮರ್ಯಾದೆಯ ಪ್ರಶ್ನೆಯಾಯಿತು. ಗಾಡಿ ಕೊಟ್ಟ, ತಾನು ಬರಲಿಲ್ಲ. ಅಭ್ಯಾಸವಿಲ್ಲದ ನಮ್ಮವರೊಬ್ಬರು ಗಾಡಿ ಹೊಡೆದರು. ಸೇತುವೆಯ ಮೇಲೆ ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರಿಯಿತು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನು ಬರೆದಿದ್ದಾರೆ.

ಆ ಟಾಂಗಾದವನೂ ಬಡವನೇ. ತನಗಿಂತ ಕೀಳಾದವನೊಬ್ಬ ಇದ್ದಾನೆ ಎಂಬುದರಲ್ಲೇ ಅವನ ಹೆಚ್ಚುಗಾರಿಕೆ. ಜಾತಿ ಕಲಿಸುವ ಪಾಠ ಇದೇ. ಇಂದು ನಮ್ಮ ಮಕ್ಕಳು ಜಾತಿ ಹೇಳದೆ ಗಾಡಿ ಹತ್ತುತ್ತಾರೆ. ಅದಕ್ಕಾಗಿ ಬಾಬಾಸಾಹೇಬರು ಬಾಳೆಲ್ಲ ದುಡಿದರು. ಹತ್ತಿ ಕುಳಿತ ಮೇಲೆ ನಾವೂ ಎಳೆಯುವವನನ್ನು ಕೀಳಾಗಿ ಕಂಡರೆ, ಗಾಡಿಯಲ್ಲಿ ಕೂತವರು ಬದಲಾದರು ಅಷ್ಟೇ, ಪಾಠ ಬದಲಾಗಲಿಲ್ಲ.

ಅದೇ ಸುತ್ತ ದುಡಿಸಿಕೊಳ್ಳುವವರಿಗೆ ಐದು ಕರ್ತವ್ಯ ಹೇಳುತ್ತದೆ: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ವಿಶೇಷ ತಿನಿಸಿನಲ್ಲಿ ಪಾಲು, ಸಮಯಕ್ಕೆ ಬಿಡುವು. ಅವಳಿಗೆ ಕಂಪನಿ ಕೊಟ್ಟ ರಜೆಯೂ ಈ ಐದರಲ್ಲಿ ಒಂದು. ತಾನು ಪಡೆದದ್ದನ್ನು ಇನ್ನೊಬ್ಬ ದುಡಿಯುವವನಿಗೂ ಸಲ್ಲಿಸುವುದೇ ಧಮ್ಮ.

ಆ ನೂರು ರೂಪಾಯಿ ಆ ಹಿರಿಯರಿಗೆ ತಲುಪಿಸಲು ಈಗ ದಾರಿಯಿಲ್ಲ. ಆದರೆ ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ಮೂಟೆ ಹೊರುವವರಿದ್ದಾರೆ, ನಂದಗುಡಿಯಲ್ಲಿ ಸೊಪ್ಪು ಮಾರುವ ಅಜ್ಜಿಯಿದ್ದಾರೆ.

*ಇಂದಿನ ಅಭ್ಯಾಸ:* ಇವತ್ತು ನಿಮ್ಮ ಭಾರ ಹೊತ್ತವರಿಗೆ ಚೌಕಾಸಿ ಮಾಡದೆ ಕೂಲಿ ಕೊಡಿ. ಅವರ ಹೆಸರು ಕೇಳಿ, ಜಾತಿ ಕೇಳಬೇಡಿ.

ಭವತು ಸಬ್ಬ ಮಂಗಲಂ 🙏
ಬೌದ್ಧ ಅಧ್ಯಯನ ಬಳಗ, ನಂದಗುಡಿ